ಸುಣ್ಣಬಂಡೆಯ ಶನಿವಾರ

ಏಪ್ರಿಲ್ 8, ಮಂಗಳವಾರ

ಕೆಲಸ ಮುಗಿಸಿ ಬಂದು ಲಿಯೋ ಡ್ರೈಲಿಂಗ್‌ಗೆ ಫೋನ್ ಮಾಡಿದೆ. ಎಂದಿನಂತೆ ಎತ್ತಲಿಲ್ಲ. ಆಮೇಲೆ ತಾನೇ ಮಾಡಿದ.

"ಏನವ್ವ ಆರ್ಡಿತ್, ನೋಹನ ಪಟಾಲಂ ಈ ವರ್ಷಾನೂ ಬರ್ತದೋ?"

"ಬರ್ತದೆ. ಜೂನ್ ಮೊದಲನೇ ಶನಿವಾರ. ಗೋಧಿ ಕುಯ್ಲಿಗೆ ಮುಂಚೆ."

"ಬನ್ನಿ. ಗೇಟ್ ಹಾಕ್ಕೊಂಡು ಹೋಗಿ ಅಷ್ಟೇ. ಹೋದ್ಸಲ ಯಾವನೋ ತೆರೆದಿಟ್ಟು ಹೋಗಿ, ನನ್ನ ದನ ಎಲ್ಲ ಹೆದ್ದಾರೀಲಿ ಧ್ಯಾನ ಮಾಡ್ತಾ ನಿಂತಿದ್ವು."

ಚರ್ಚಿನ ಪ್ರವಾಸಕ್ಕೆ ಜಾಗ ಸಿಕ್ಕಿತು. ಇನ್ನು ಬಸ್ಸು, ನೀರು, ಟೋಪಿ, ಹಾವಿನ ಎಚ್ಚರಿಕೆ, ಊಟ. ಮತ್ತೆ ಭಾಷಣ... ಹನ್ನೊಂದು ವರ್ಷ ಲಿಯೋನ ಸುಣ್ಣಬಂಡೆಗಳ ಮುಂದೆ ನಿಂತು, ಬಂಡೆಯೊಳಗಿನ ಈ ಮೂಳೆಗಳೆಲ್ಲ ನೋಹನ ಕಾಲದ ಪ್ರಳಯದಲ್ಲಿ ಹೂತು ಹೋದ ಜೀವಿಗಳು ಅಂತ ಜನಕ್ಕೆ ಹೇಳಿದ್ದು ಗೆಳತಿ ಕ್ಲಾರಿಸ್. ನಾನು ಹಿಂದೆ ಊಟದ ಡಬ್ಬ ಹಿಡ್ಕೊಂಡು ನಿಲ್ಲೋಳು. ಜನವರಿಯಲ್ಲಿ ಅವಳು ಅರಿಜೋನಾಗೆ ಹೋದಳು, ಮಗಳ ಊರಿಗೆ. ಈ ವರ್ಷ ಮಾತೂ ನನ್ನದೇ, ಡಬ್ಬಾನೂ ನನ್ನದೇ.

ಏಪ್ರಿಲ್ 13, ಭಾನುವಾರ

ಚರ್ಚಿನಲ್ಲಿ ಪ್ರಕಟಣೆ. ಪಾಸ್ಟರ್ ಟ್ರೆವರ್ ಒಂದು ನಿಮಿಷ ಕೊಟ್ಟರು. ಒಳ್ಳೇ ಹುಡುಗ. ಬಂದು ವರ್ಷ ಆಗಿಲ್ಲ, ಎಲ್ಲದಕ್ಕೂ "ಸೂಪರ್" ಅಂತಾರೆ. ಮೈಕ್ ಕೀಚಲು ದನಿ ತೆಗೆಯಿತು. ಏನು ಹೇಳಿದೆನೋ. ಸನ್‌ಸ್ಕ್ರೀನ್ ಅಂದದ್ದು ನೆನಪಿದೆ.

ಮುಗಿದ ಮೇಲೆ ಹಾರ್ಲನ್ ಫ್ರೀಸೆನ್, ಹೆಂಡತಿ ಡಾಟ್‌ನ ಬೆಂಚಿನಲ್ಲೇ ಬಿಟ್ಟು ಬಂದು ಕೈ ಕುಲುಕಿದ. ಎಂಬತ್ತು ದಾಟಿದೆ, ಕೈ ಇನ್ನೂ ಇಕ್ಕಳದ ಹಾಗೆ. "ನಾನೂ ಡಾಟೂ ಬರ್ತೀವಿ. ಅವಳಿಗೆ ಮಂಡಿನೋವು, ಕಾರಲ್ಲೇ ಕೂತಿರ್ತಾಳೆ. ಆದ್ರೂ ಬರ್ತಾಳೆ."

ಇನ್ನೊಬ್ಬರು ಕೇಳಿದರು: "ಭಾಷಣಕ್ಕೆ ಕ್ಲಾರಿಸ್ ಬರ್ತಾಳಲ್ಲ?" ಇಲ್ಲ ಅಂದೆ. "ಓ" ಅಂದರು. ಆ "ಓ" ಮನೆವರೆಗೂ ಜೊತೆಗೇ ಬಂತು.

ನಮ್ಮ ಬೆಂಚಿನಲ್ಲಿ ಅವಳ ಜಾಗದಲ್ಲಿ ನನ್ನ ಕೋಟು ಇಡ್ತಿದೀನಿ. ಖಾಲಿ ಕಾಣಬಾರದು ಅಂತ.

ಏಪ್ರಿಲ್ 19, ಶನಿವಾರ. ಮಧ್ಯಾಹ್ನ

ಕ್ಲಾರಿಸ್ ಸಿಕ್ಕಳು, ಫೋನಲ್ಲಿ. ಹಿಂದೆ ನೀರಿನ ಸದ್ದು, ನಗು. ಈಜುಕೊಳದ ಹತ್ತಿರ ಇದ್ದಳಂತೆ.

ಅವಳ ಟಿಪ್ಪಣಿಗಳು ಎಲ್ಲಿವೆ ಅಂತ ಕೇಳೋಕೆ ಮಾಡಿದ್ದು. "ಟಿಪ್ಪಣೀನಾ? ಅಯ್ಯೋ, ಯಾವತ್ತು ಬರೆದಿದ್ದೆ ಕಣೇ? ಬಾಯಿಗೆ ಬಂದದ್ದು ಹೇಳ್ತಿದ್ದೆ." ಆಮೇಲೆ, "ಈಗ್ಲೂ ಮಾಡ್ತಿದೀಯಾ ಅದನ್ನ?"

ಈಗ್ಲೂ. ಹೋದ ಜೂನಿನಲ್ಲಿ ಮಾಡಿದ್ದೀವಿ. ಇಬ್ಬರೂ.

ಮಗಳು ಕರೀತಿದಾಳೆ ಅಂತ ಇಟ್ಟಳು.

ಏಪ್ರಿಲ್ 26

ಫ್ರಿಜ್ ಮುಂದೆ ಭಾಷಣ ಅಭ್ಯಾಸ. ಫ್ರಿಜ್ ಸಹನೆಯಿಂದ ಕೇಳಿತು. ನನಗೇ ಬೇಜಾರಾಯಿತು. ಪುಸ್ತಕದಲ್ಲಿ ಇರೋದನ್ನ ಒಪ್ಪಿಸ್ತಾ ಇದೀನಿ ಅನ್ನಿಸ್ತು. ಪದರ, ಕೆಸರು, ನೀರಿನ ರಭಸ. ಎಲ್ಲ ನಂಬ್ತೀನಿ. ಆದರೆ ಬಾಯಲ್ಲಿ ಒಣಗುತ್ತೆ.

ಮೇ 3, ಶನಿವಾರ. ಸಂಜೆ

ಬರೀಬೇಕು.

ಜಾಗ ನೋಡಿ ಬರೋಣ ಅಂತ ಬೆಳಿಗ್ಗೆ ಒಬ್ಬಳೇ ಹೋದೆ. ಗಾಳಿ. ಹುಲ್ಲೆಲ್ಲ ಒಂದೇ ಕಡೆ ಬಾಗಿ ಮಲಗಿತ್ತು. ನಾವು ಯಾವಾಗಲೂ ಹೋಗೋ ಕೊರಕಲು ಬಿಟ್ಟು ಅದರ ಆಚೆಯದಕ್ಕೆ ಇಳಿದೆ. ಚಳಿಗಾಲದಲ್ಲಿ ಒಂದು ಬದಿ ಕುಸಿದಿದೆ. ಹಳದಿ ಬಂಡೆಯಲ್ಲಿ ಕಂದು ಬಣ್ಣದ ಬಿಲ್ಲೆಗಳ ಸಾಲು. ಯಾರೋ ಕೋಟಿನ ಗುಂಡಿ ಹೊಲಿದ ಹಾಗೆ. ಬೆನ್ನುಮೂಳೆ! ಮಂಡಿಯೂರಿ ಬ್ರಷ್ ಹಾಕಿದೆ. ಸಾಲು ಬಂಡೆಯ ಅಂಚಿನವರೆಗೂ ಬಂತು. ಅಲ್ಲಿ ದವಡೆ. ಹಲ್ಲು. ನನ್ನ ಹೆಬ್ಬೆರಳಿನಷ್ಟು ದಪ್ಪ ಹಲ್ಲು, ಹೊಳೀತಾ, ನಿನ್ನೆ ತಿಕ್ಕಿದ ಹಾಗೆ.

ಕಡಲಹಲ್ಲಿ, ಹಿಂದೆ ಇಲ್ಲಿದ್ದ ಸಮುದ್ರದ ದೈತ್ಯ ಹಲ್ಲಿ. ಇಡೀ ಪ್ರಾಣಿ. ಹನ್ನೊಂದು ವರ್ಷ ನಮಗೆ ಸಿಕ್ಕಿದ್ದೆಲ್ಲ ಕಪ್ಪೆಚಿಪ್ಪು, ಮೀನಿನ ಬಾಲ, ಶಾರ್ಕಿನ ಹಲ್ಲು.

"ನೋಡೇ! ಇಲ್ನೋಡೇ!" ಅಂತ ಜೋರಾಗಿ ಕೂಗಿದೆ. ಕೂಗಿದ ಮೇಲೆ ಹಿಂದೆ ತಿರುಗಿದೆ. ಹುಲ್ಲು. ಗಾಳಿ. ದೂರದಲ್ಲಿ ಲಿಯೋನ ದನ.

ಅಲ್ಲಿಂದಲೇ ಕ್ಲಾರಿಸ್‌ಗೆ ಮಾಡಿದೆ. ಎತ್ತಲಿಲ್ಲ. ಫೋಟೋ ಕಳಿಸಿದೆ. ಬಂಡೆ ಪಕ್ಕ ಕೂತು ಕಾದೆ, ಬಿಸಿಲು ನೆತ್ತಿಗೆ ಬರೋವರೆಗೆ. ಆಮೇಲೆ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಅಷ್ಟೇ. ಒಂದು ಹಳದಿ ಹೆಬ್ಬೆರಳು.

ಲಿಯೋನ ಮನೆಗೆ ಹೋಗಿ ಕರ್ಕೊಂಡು ಬಂದೆ. ಜಮೀನು ಅವನದು, ಮೂಳೆಯೂ ಅವನದೇ. ಟೋಪಿ ಹಿಂದೆ ತಳ್ಳಿ ತುಂಬಾ ಹೊತ್ತು ನೋಡಿದ.

"ನಿಮ್ಮ ಲೆಕ್ಕದಲ್ಲಿ ಎಷ್ಟು ವರ್ಷದ್ದವ್ವ ಇದು?"

"ನಾಲ್ಕೂವರೆ ಸಾವಿರ. ಹೆಚ್ಚು ಕಡಿಮೆ."

"ಮ್ಯೂಸಿಯಂನೋರು ಎಂಟು ಕೋಟಿ ಅಂತಾರೆ."

"ನೀನೇನಂತೀಯ?"

"ನನ್ನ ಹೊಲದಲ್ಲಿದೆ ಅಂತೀನಿ." ಆಮೇಲೆ ಗಂಭೀರವಾಗಿ, "ಮರಿಸೋಲ್ ಅಂತ ಒಬ್ಬಳಿದಾಳೆ ಮ್ಯೂಸಿಯಂನಲ್ಲಿ. ಮೂಳೆ ತೆಗೆಯೋದರಲ್ಲಿ ಗಟ್ಟಿಗಿತ್ತಿ. ಕರೀಲಾ?"

ಬೇಡ ಅಂದೆ. ನಮ್ಮವರು ಬಂದು ನೋಡಲಿ ಮೊದಲು. ನಮ್ಮವರ ಕೈಯಲ್ಲೇ ಹೊರಗೆ ಬರಲಿ. ಇದನ್ನ ಅವರ ಮುಂದೆ ತೆರೆದು ತೋರಿಸಿದರೆ ನಾನು ಭಾಷಣವೇ ಮಾಡಬೇಕಾಗಿಲ್ಲ.

"ನಿನ್ನಿಷ್ಟ" ಅಂದ. ಟಾರ್ಪಾಲಿನ್ ತಂದ. ಇಬ್ಬರೂ ಸೇರಿ ಮುಚ್ಚಿ ಕಲ್ಲು ಹೇರಿದೆವು. ದನವನ್ನ ಬೇರೆ ಕಡೆ ಹಾಕ್ತೀನಿ, ನಡುವೆ ತಂತಿ ಎಳೀತೀನಿ ಅಂದ.

ಮೇ 18, ಭಾನುವಾರ

ಹೆಸರು ಕೊಟ್ಟವರು ಕಮ್ಮಿ ಆಗ್ತಾ ಇದ್ದರು. ಅದೇ ಶನಿವಾರ ಬೇಸ್‌ಬಾಲ್ ಪಂದ್ಯಗಳಂತೆ. ಗುಟ್ಟು ಇಟ್ಟುಕೊಳ್ಳೋಕಾಗಲಿಲ್ಲ, ಪಾಸ್ಟರ್‌ಗೆ ಹೇಳಿಬಿಟ್ಟೆ. ಫೋಟೋ ನೋಡಿ "ಸೂಪರ್! ಪರದೆ ಮೇಲೆ ಹಾಕೋಣ" ಅಂದರು.

ಹಾಕಿದರು. ಇಡೀ ಗೋಡೆ ತುಂಬ ಹಲ್ಲು. ಜನ "ಹಾ..." ಅಂದರು. ಮುಗಿದ ಮೇಲೆ ನನ್ನ ಸುತ್ತ ಗುಂಪು. ಹೆಸರಿನ ಹಾಳೆ ತುಂಬಿ ಹಿಂಬದಿಗೂ ಹೋಯಿತು. ಪಾಸ್ಟರ್ ಹೆಂಡತಿ ಲೆಕ್ಸಿ ಬಂದು, "ನಂಗೆ ಚಿಕ್ಕೋಳಿದ್ದಾಗಿಂದ ಇವು ಅಂದ್ರೆ ಹುಚ್ಚು, ಯಾರಿಗೂ ಹೇಳಿಲ್ಲ" ಅಂತ ಕಿವಿಯಲ್ಲಿ ಅಂದಳು.

ಇವತ್ತು ಕೋಟು ಬೆಂಚಿನ ಮೇಲೆ ಇಡಲಿಲ್ಲ. ಯಾರೋ ಬಂದು ಕೂತರು.

ಮೇ 21

ಎರಡನೇ ಬಸ್ಸು ಬೇಕಾಗಬಹುದು. ಬಿರೋಕ್ ಮಾಡ್ತೀನಿ, ಎಲೆಕೋಸು-ಮಾಂಸ ತುಂಬಿದ ಬನ್ನು, ತಣ್ಣಗಾದರೂ ತಿನ್ನಬಹುದು. ಡಾಟ್ ಐಸ್ ಟೀ ತರ್ತಾಳೆ. ಕೆಲಸದ ಜಾಗದಲ್ಲಿ, ಪಶುವೈದ್ಯರ ಕೌಂಟರಿನಲ್ಲಿ ಕೂತು, ನಾಯಿಗೆ ಸೂಜಿ ಹಾಕಿಸೋಕೆ ಬಂದೋರಿಗೆಲ್ಲ ಫೋಟೋ ತೋರಿಸಿದೆ. ಡಾಕ್ಟರು, "ಆರ್ಡಿತ್, ಆ ಪೇಷಂಟ್‌ಗೆ ಇನ್ನು ನಾವೇನೂ ಮಾಡೋಕಾಗಲ್ಲ" ಅಂದರು.

ಮೇ 29, ಗುರುವಾರ

ನಿನ್ನೆ ಆಲಿಕಲ್ಲು. ಕಾರಿನ ಮೇಲೆಲ್ಲ ಗುಳಿ. ಇವತ್ತು ಬೆಳಿಗ್ಗೆ ಲಿಯೋ ಫೋನ್ ಮಾಡಿ, "ಬಾರವ್ವ" ಅಂದ.

ಗುಡುಗಿಗೆ ದನ ಬೆದರಿ ತಂತಿ ಕಿತ್ಕೊಂಡು ಓಡಿವೆ. ಆ ಕೊರಕಲಿನಲ್ಲೇ ಗುಂಪುಗೂಡಿವೆ, ಬಂಡೆಯ ಮರೆ ಅಂತ. ಟಾರ್ಪಾಲಿನ್ ಕೆಸರಲ್ಲಿ. ದವಡೆ ಇದ್ದ ಕಡೆ... ಪುಡಿ. ಒಡೆದ ತಟ್ಟೆ ಹಾಗೆ. ಹಲ್ಲುಗಳು ಸಗಣಿಯಲ್ಲಿ ಸೇರಿವೆ. ಆರಿಸಿದೆ. ಜೇಬಿಗೆ ಹಾಕ್ಕೊಂಡೆ. ಎಲ್ಲ ಸಿಗಲಿಲ್ಲ.

ಲಿಯೋ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಸುಕ್ತಾ ಇದ್ದ. "ಗಟ್ಟಿಯಾಗಿ ಕಟ್ಟಬೇಕಿತ್ತು. ನನ್ನ ತಪ್ಪು."

"ಮ್ಯೂಸಿಯಂಗೆ ಬಿಟ್ಟುಕೊಡದೇ ಹಟ ಹಿಡಿದೋಳು ನಾನು, ಲಿಯೋ."

"ದನಕ್ಕೇನು ಗೊತ್ತವ್ವ."

ಇಬ್ಬರೂ ಕೂತೆವು. ಅವನು ಥರ್ಮಾಸಿಂದ ಕಾಫಿ ಬಗ್ಗಿಸಿದ. ಮುಚ್ಚಳ ಒಂದೇ. ನನಗೇ ಮೊದಲು ಕೊಟ್ಟ.

ಕಪ್ಪು ಹಸುವೊಂದು ದಡದ ಮೇಲಿಂದ ನಮ್ಮನ್ನೇ ನೋಡ್ತಾ ಮೆಲುಕು ಹಾಕ್ತಿತ್ತು.

"ಅವಳನ್ನ ಕರೆಸು" ಅಂದೆ. ಮ್ಯೂಸಿಯಂನೋಳನ್ನ.

ಮೇ 31, ಶನಿವಾರ

ಮರಿಸೋಲ್ ಒಚೋವಾ ಬಂದಿದ್ದಳು. ನಲವತ್ತು ಇರಬಹುದು. ಕುಳ್ಳಿ, ಮುಂಗೈ ತುಂಬ ಹಳೇ ಪ್ಲಾಸ್ಟರ್ ಕಲೆ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಬಯ್ಯಲಿಲ್ಲ. ದವಡೆಯ ಚೂರು ನೋಡಿ ಒಂದು ನಿಮಿಷ ಕಣ್ಣು ಮುಚ್ಚಿದಳು, ಅಷ್ಟೇ. ಅದು ಬೈಗುಳಕ್ಕಿಂತ ಕಷ್ಟ ಆಯಿತು.

ಹೊಟ್ಟೆ ಅಡಿಯಾಗಿ ಮಲಗಿ ಬಂಡೆ ಕೆರೆದಳು. "ಎದೆಗೂಡು ಒಳಗೇ ಇದೆ. ಬಾಲಾನೂ ಇದೆ. ಇನ್ನೊಂದು ಮಳೆ ಬಂದ್ರೆ ಇದೂ ಹೋಗತ್ತೆ. ನಮ್ಮ ಕಡೆ ಹುಡುಗರೆಲ್ಲ ಬೇರೆ ಕಡೆ ಇದಾರೆ, ಕೈ ಸಾಲಲ್ಲ." ಆಮೇಲೆ ಕೂತು, "ಶನಿವಾರ ನಿಮ್ಮ ಗುಂಪು ಬರತ್ತಂತಲ್ಲ?"

"ನಾವು ಯಾರು ಅಂತ ಗೊತ್ತಲ್ಲ ನಿಮಗೆ?"

"ಲಿಯೋ ಹೇಳಿದ. ನೋಹನ ಪಟಾಲಂ."

"ನಾನು ಭಾಷಣ ಮಾಡ್ತೀನಿ. ಪ್ರಳಯದ ಬಗ್ಗೆ. ಬಿಡಲ್ಲ."

"ನೀವು ಮಾತಾಡಿ. ನಾನು ಮೂಳೆಗೆ ಹೊದಿಸೋ ಪ್ಲಾಸ್ಟರ್ ಕಲಸ್ತೀನಿ. ನಿಮ್ಮ ಮಾತಿನ ಮಧ್ಯ ಬಾಯಿ ಹಾಕಲ್ಲ, ಪ್ರಶ್ನೆ ಕೇಳಿದ್ರೆ ಮಾತ್ರ ಸುಳ್ಳು ಹೇಳಲ್ಲ."

ನ್ಯಾಯ ಅನ್ನಿಸಿತು. ಕೈ ಕುಲುಕಿದೆವು.

ಜೂನ್ 3, ಮಂಗಳವಾರ

ಪಾಸ್ಟರ್ ಮನೆಗೇ ಬಂದರು. ಕಾಫಿ ಬೇಡ ಅಂದರು. ಆಗಲೇ ಗೊತ್ತಾಯಿತು.

"ಮ್ಯೂಸಿಯಂನವರು ಬರ್ತಾರಂತೆ?"

ಎಲ್ಲ ಹೇಳಿದೆ. ದನ, ಮಳೆ, ಕೈ ಸಾಲದ್ದು.

"ನಿಮ್ಮ ನಂಬಿಕೆ ಬಗ್ಗೆ ನಂಗೆ ಒಂದು ಚೂರೂ ಅನುಮಾನ ಇಲ್ಲ, ಆರ್ಡಿತ್. ಆದ್ರೆ ಇಬ್ಬರು ಅಪ್ಪಂದಿರು ಫೋನ್ ಮಾಡಿದ್ರು. ನಂಬಿಕೆ ಗಟ್ಟಿ ಆಗಲಿ ಅಂತ ಮಕ್ಕಳನ್ನ ಕಳಿಸೋದು, ಅಲ್ಲಿ ಇನ್ನೊಬ್ರು ಇನ್ನೊಂದು ಹೇಳಿದ್ರೆ? ಅವರನ್ನ ಬರಬೇಡಿ ಅಂದುಬಿಡಿ. ಎಲ್ಲ ಸರಿಹೋಗತ್ತೆ."

"ಅವಳು ಬರದೆ ಇದ್ರೆ ಮೂಳೆ ಹೋಗತ್ತೆ."

"ಮೂಳೆ ತಾನೇ..." ಅಂದರು. ಅಂದ ಮೇಲೆ ಅವರಿಗೇ ಮುಜುಗರ ಆಯಿತು. ನೆಲ ನೋಡಿದರು.

ಕೆಟ್ಟವರಲ್ಲ. ಅವರಿಗೆ ಕುರಿಮಂದೆ ಕಾಯಬೇಕು. ನನಗೂ ಅರ್ಥ ಆಗತ್ತೆ. ಆದರೆ ದೇವರು ಮಾಡಿದ ಪ್ರಾಣಿ ತಾನೇ ಅದೂ? ಯಾರು ಎಷ್ಟು ವರ್ಷ ಅಂದರೂ ಅವನ ಕೈಕೆಲಸವೇ. ಅದನ್ನ ಮಳೆಗೆ ಬಿಟ್ಟು, ಅವನ ಮಹಿಮೆ ಬಗ್ಗೆ ಏನಂತ ಭಾಷಣ ಮಾಡಲಿ?

ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಈಗ ಹೊಳೀತಿದೆ. ಆಗ ಅಂದದ್ದು ಇಷ್ಟೇ: "ಬೇಡ ಅನ್ನೋಕೆ ನನ್ನ ಕೈಲಾಗಲ್ಲ."

ಬಸ್ಸು ಇಲ್ಲ. ಚರ್ಚಿನ ಹೆಸರು ಇಲ್ಲ. ಎಲ್ಲರಿಗೂ ಮೆಸೇಜ್ ಹೋಯಿತು, ನನಗೂ ಸೇರಿ: ಈ ಸಲದ ಪ್ರವಾಸ ರದ್ದು.

ಜೂನ್ 6, ಶುಕ್ರವಾರ. ಮಧ್ಯಾಹ್ನ

ಯಾರೂ ಫೋನ್ ಮಾಡಿಲ್ಲ. ಅಂಗಡಿಯಲ್ಲಿ ಒಬ್ಬರು ಡಬ್ಬಿಗಳ ಸಾಲಿನಿಂದ ಪಕ್ಕದ ಸಾಲಿಗೆ ತಿರುಗಿದರು. ನನ್ನ ನೋಡಿಯೋ, ಬೀನ್ಸ್ ನೆನಪಾಗಿಯೋ.

ಆಮೇಲೆ ಕ್ಲಾರಿಸ್ ಫೋನ್. ತಾನಾಗೇ. ಸುದ್ದಿ ಅರಿಜೋನಾವರೆಗೂ ಹೋಗಿದೆ. ಅಳು ಬಂತು, ತಡ್ಕೊಂಡು ಎಲ್ಲ ಹೇಳಿದೆ. "ನೀನಾಗಿದ್ರೆ ಪಾಸ್ಟರ್‌ಗೆ ಸರಿಯಾಗಿ ಉತ್ತರ ಕೊಡ್ತಿದ್ದೆ. ನಿಂಗೆ ಎಲ್ಲ ಗೊತ್ತು" ಅಂದೆ.

ಅವಳ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ, "ಆರ್ಡಿತ್, ಒಂದು ಮಾತು. ಬೇಜಾರ್ ಮಾಡ್ಕೋಬೇಡ. ನಂಗೆ ಆ ವರ್ಷದ ಲೆಕ್ಕ ಯಾವತ್ತೂ ಖಾತ್ರಿ ಇರ್ಲಿಲ್ಲ ಕಣೇ. ಇರಬಹುದು, ಇಲ್ದೇ ಇರಬಹುದು. ಯಾರಾದ್ರೂ ಮಾತಾಡ್ಬೇಕಿತ್ತು, ಮಾತಾಡ್ದೆ."

"ಹನ್ನೊಂದು ವರ್ಷ?"

"ಶನಿವಾರ ಚೆನ್ನಾಗಿರ್ತಿತ್ತು. ನಾವಿಬ್ರೂ, ಆ ಗಾಳಿ, ಬಿರೋಕು... ಅದಕ್ಕೇ ಬರ್ತಿದ್ದೆ."

ಏನು ಹೇಳಿದೆ ನೆನಪಿಲ್ಲ. ಇಟ್ಟೆ ಅನ್ನಿಸುತ್ತೆ.

ಡಬ್ಬ ಹಿಡ್ಕೊಂಡು ಹಿಂದೆ ನಿಂತು ಅವಳ ಮಾತು ಕೇಳಿ ನನ್ನ ನಂಬಿಕೆ ಗಟ್ಟಿ ಮಾಡ್ಕೊಂಡಿದ್ದೆ. ಅವಳು ನನಗೋಸ್ಕರ ಬರ್ತಿದ್ದಳಂತೆ. ಪ್ರೀತಿಯ ಮಾತೇ. ಬಿಡಿಸಿ ನೋಡಿದರೆ ಪ್ರೀತಿಯೇ ಇದೆ. ಆದರೂ ಕಾಲ ಕೆಳಗಿನ ಮೆಟ್ಟಿಲು ತೆಗೆದ ಹಾಗಾಯಿತು.

ಹಿಟ್ಟು ಕಲಸಿದ್ದೀನಿ. ಯಾರಿಗೆ ಅಂತ ಗೊತ್ತಿಲ್ಲ.

ಜೂನ್ 7, ಶನಿವಾರ

ಮೈಯೆಲ್ಲ ಸುಣ್ಣ. ಬೆನ್ನು ಬಗ್ಗಲ್ಲ. ಆದರೂ ಬರೀತೀನಿ.

ಲಿಯೋ, ಮರಿಸೋಲ್, ನಾನು. ಮೂವರೇ ಅಂದುಕೊಂಡಿದ್ದೆ. ಆಗ ದಿಬ್ಬದ ಮೇಲೆ ಧೂಳೆಬ್ಬಿಸ್ತಾ ಫ್ರೀಸೆನ್ ದಂಪತಿಯ ಹಳೇ ಬ್ಯೂಕ್ ಬಂತು. ಆ ದಾರಿಗೆ ಆ ಕಾರು! ಹಾರ್ಲನ್ ಇಳಿದು ಪ್ಯಾಂಟು ಮೇಲೆಳ್ಕೊಂಡ.

"ರದ್ದು ಅಂತ ಮೆಸೇಜ್ ಬರಲಿಲ್ವಾ?" ಅಂದೆ.

"ಚರ್ಚು ರದ್ದು ಮಾಡಿದೆ. ನಾನು ಮಾಡಿಲ್ಲ. ಎಲ್ಲಿ ಅಗೀಬೇಕು ಹೇಳು."

ಕಿಟಕಿಯಿಂದ ಡಾಟ್: "ಅವನಿಗೆ ಮೆಸೇಜ್ ತೆಗೆಯೋಕೇ ಬರಲ್ಲ, ಜಂಬ ನೋಡು!"

ಡಾಟ್ ಕಾರಲ್ಲಿ ಕೂರಲಿಲ್ಲ. ಮಡಿಸೋ ಕುರ್ಚಿ ಹಾಕ್ಕೊಂಡು, ಪ್ಲಾಸ್ಟರಲ್ಲಿ ಅದ್ದಿ ಮೂಳೆಗೆ ಸುತ್ತೋಕೆ ಗೋಣಿಪಟ್ಟಿ ಹರಿದು ಹರಿದು ಕೊಟ್ಟಳು. ನಾವು ಬಂಡೆ ಕೆರೆದೆವು. ಮರಿಸೋಲ್ ಅಂಟು ಹನಿಸೋದು, ನಾನು ಬ್ರಷ್. ಪಕ್ಕೆಲುಬುಗಳು ಒಂದೊಂದೇ ಬಂದವು, ದೋಣಿಯ ಒಳಮೈ ಹಾಗೆ. ಅದರ ನಡುವೆ ಸಣ್ಣ ಮೂಳೆಗಳ ಮುದ್ದೆ. ನಾನು ಬ್ರಷ್ ನಿಲ್ಲಿಸಿದೆ. ಮರಿಸೋಲ್ ಬಗ್ಗಿದಳು.

"ಮೀನು" ಅಂದಳು. ದನಿ ಬದಲಾಗಿತ್ತು. "ಇದು ತಿಂದ ಮೀನು. ಹೊಟ್ಟೇಲೇ ಇದೆ."

"ಅರಗೋಕೂ ಸಮಯ ಸಿಕ್ಕಿಲ್ಲ ಪಾಪ" ಅಂದೆ. "ನೋಡಿ, ಎಷ್ಟು ಬೇಗ ಹೂತು ಹೋಗಿದೆ."

"ತಿಂದ ದಿನ ಸತ್ತಿದೆ ಅನ್ನೋದು ಒಪ್ತೀನಿ. ಯಾವತ್ತಿನ ದಿನ ಅನ್ನೋದರಲ್ಲಿ ನಿಮಗೂ ನನಗೂ ಸ್ವಲ್ಪ ವ್ಯತ್ಯಾಸ ಇದೆ."

"ಸ್ವಲ್ಪ!" ಅಂದ ಲಿಯೋ. ಎಲ್ಲರೂ ನಕ್ಕೆವು. ಅವಳೂ. ನಾನೂ. ಎಷ್ಟು ದಿನ ಆಗಿತ್ತು.

ಊಟಕ್ಕೆ ಮುಂಚೆ ಹಾರ್ಲನ್ ಕೇಳಿದ, "ಭಾಷಣ ಎಲ್ಲಿ?" ಬೇಡ ಬಿಡು ಅಂದೆ. "ಬೇಡ ಅಂದ್ರೆ? ನಾನು ಅದಕ್ಕೇ ಬಂದಿದ್ದು."

ಎದ್ದು ನಿಂತೆ. ಫ್ರಿಜ್ಜಿಗೆ ಹೇಳಿದ್ದು ಒಂದೂ ಬರಲಿಲ್ಲ. ನಾನು ಹೇಳಿದ್ದು ಹೆಚ್ಚು ಕಡಿಮೆ ಇದು. ಇಲ್ಲಿ ನೀರಿತ್ತು, ಅದರಲ್ಲಿ ಯಾರಿಗೂ ಜಗಳ ಇಲ್ಲ. ಆ ನೀರು ನ್ಯಾಯತೀರ್ಪಿನ ನೀರು ಅಂತ ನಾನು ನಂಬ್ತೀನಿ, ನಮ್ಮಪ್ಪ ನಂಬಿದ್ದ, ಯಾರು ನಂಬದೇ ಹೋದರೂ ನಂಬ್ತೀನಿ. ಈ ಪ್ರಾಣಿ ಅವತ್ತು ಊಟ ಮಾಡಿತ್ತು. ನಾಳೆ ಇದೆ ಅಂದುಕೊಂಡಿತ್ತು. ಆಮೇಲೆ ಕತ್ತಲು. ಅಲ್ಲಿಂದ ಇಲ್ಲೀವರೆಗೆ ಇದನ್ನ ಯಾರೂ ನೋಡಿಲ್ಲ. ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಅಷ್ಟು ಕಾಲ ಇದನ್ನ ಮರೀದೇ ಇದ್ದವನು ಒಬ್ಬನೇ. ಮರೆತಿಲ್ಲ ಅಂತ ನನಗೆ ಯಾಕೆ ಗೊತ್ತು ಅಂದರೆ...

ಅಲ್ಲಿಗೆ ಬಗ್ಗಿ ಪಕ್ಕೆಲುಬಿನ ಮೇಲಿನ ಧೂಳು ಒರೆಸಿದೆ. ಯಾಕೆ ಅಂತ ಹೇಳೋಕಾಗಲಿಲ್ಲ. ಗಾಳಿ ಬೀಸ್ತಾ ಇತ್ತು. ಲಿಯೋ ಟೋಪಿ ತೆಗೆದು ಎದೆಗೆ ಹಿಡಿದಿದ್ದ. ಹಾರ್ಲನ್ "ಆಮೆನ್" ಅಂದ, ದೊಡ್ಡದಾಗಿ, ಚರ್ಚಿನಲ್ಲಿ ಅಂದ ಹಾಗೆ. ಮರಿಸೋಲ್ ಬಕೆಟ್ಟಿನಲ್ಲಿ ಕೈ ಆಡಿಸೋದು ನಿಲ್ಲಿಸಿ ನನ್ನನ್ನೇ ನೋಡ್ತಿದ್ದಳು. ಆಮೇಲೆ ಮೆಲ್ಲಗೆ, "ಕ್ಷಮಿಸಿ... ಪ್ಲಾಸ್ಟರ್ ಗಟ್ಟಿ ಆಗ್ತಿದೆ."

ಓಡಿ ಹೋಗಿ ಎಲ್ಲರೂ ಕೈ ಹಾಕಿದೆವು.

ಜೂನ್ 8, ಭಾನುವಾರ

ಚರ್ಚಿಗೆ ಹೋದೆ. ಉಗುರಲ್ಲಿ ಇನ್ನೂ ಬಿಳಿ. ಪಾಸ್ಟರ್ ಬಾಗಿಲಲ್ಲಿ ಕೈ ಕುಲುಕಿದರು, ಎಂದಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ಯಾರೂ ಏನೂ ಕೇಳಲಿಲ್ಲ. ಬೇಸ್‌ಬಾಲ್‌ನಲ್ಲಿ ನಮ್ಮೂರು ಸೋತಿತಂತೆ.

ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಹಾರ್ಲನ್‌ಗೆ ಸೊಂಟ ಹಿಡಿದು ಎದ್ದಿಲ್ಲ ಅಂತ ಡಾಟ್ ಫೋನ್‌ನಲ್ಲಿ ಹೇಳಿದಳು. ಹೆಮ್ಮೆಯಿಂದ.

ಜೂನ್ 12, ಗುರುವಾರ

ಮರಿಸೋಲ್ ಫೋನ್. ಮೂಳೆ ಸುತ್ತಿರೋ ಪ್ಲಾಸ್ಟರ್ ಗಡ್ಡೆ ಬಂಡೆಯಿಂದ ಬಿಡಿಸಿ ತಿರುಗಿಸೋಕೆ ಶನಿವಾರ ಬರ್ತಾಳೆ, ತನ್ನ ಕಡೆಯಿಂದ ಇಬ್ಬರನ್ನ ಕರ್ಕೊಂಡು. ಲಿಯೋ ಟ್ರ್ಯಾಕ್ಟರ್ ತರ್ತಾನೆ. "ನೀವು ಬರ್ತೀರಲ್ಲ? ಅವರಿಗೂ ನಿಮ್ಮ ಭಾಷಣದ ಬಗ್ಗೆ ಹೇಳಿದೀನಿ." ಗೇಲಿಯೇ ಅಂತ ಕಿವಿಗೊಟ್ಟು ಕೇಳಿದೆ. ಗೇಲಿ ಇರಲಿಲ್ಲ.

ಸಂಜೆ ಅಂಗಡಿಯಲ್ಲಿ ಲೆಕ್ಸಿ. ಹಾಲಿನ ಡಬ್ಬಗಳ ಮುಂದೆ ನಿಂತು, "ಶನಿವಾರ ಮತ್ತೆ ಹೋಗ್ತೀರಂತೆ. ನಾನೂ ಬರಬಹುದಾ?"

"ಟ್ರೆವರ್‌ಗೆ ಗೊತ್ತಾ?"

"ಹೇಳಿದೆ. ಸೂಪರ್ ಅನ್ನಲಿಲ್ಲ. ಬೇಡ ಅಂತಾನೂ ಅನ್ನಲಿಲ್ಲ."

ಬಾ ಅಂದೆ. ದಪ್ಪ ಬೂಟು ಹಾಕ್ಕೊಂಡು ಬಾ, ಹಾವಿರ್ತವೆ ಅಂದೆ.

ಈಗ ಅಡುಗೆಮನೆಯಲ್ಲಿ ಕೂತು ಊಟ ಯೋಚಿಸ್ತಿದೀನಿ. ಎಷ್ಟು ಜನ ಅಂತ ಗೊತ್ತಾಗ್ತಿಲ್ಲ. ಮರಿಸೋಲ್ ಕಡೆಯವರು ಏನು ತಿಂತಾರೋ. ಡಾಟ್ ಬರ್ತಾಳೆ, ಹಾರ್ಲನ್ ಎದ್ದರೆ ಅವನೂ. ಲೆಕ್ಸಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೂ ಸರೀಬಹುದು. ಆದರೂ ಮಾಡಿಟ್ಟುಬಿಡ್ತೀನಿ. ಉಳಿದರೆ ಲಿಯೋ ಒಯ್ತಾನೆ. ಇಂಥ ಹೊತ್ತಲ್ಲಿ ಕ್ಲಾರಿಸ್ ಯಾವಾಗಲೂ "ಹತ್ತು ಜಾಸ್ತೀನೇ ಮಾಡೇ" ಅಂತಿದ್ದಳು. ಹಾಗೇ ಮಾಡ್ತೀನಿ.